ಎಡಕ್ಕೆ ತಿರುಗದ ಮೈ

ನಮಸ್ಕಾರ ಮುಗಿಸಿ ಎದ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಿಂತಲ್ಲೇ ಬಲಕ್ಕೆ ಸುತ್ತುವ ಆತ್ಮಪ್ರದಕ್ಷಿಣೆ ನಿಮಗೂ ರೂಢಿಯಿದ್ದೀತು. ಶಂಕರಪುರದ ನಮ್ಮ ಬೀದಿಯ ಗುಡಿಯಲ್ಲಿ ವರ್ಷಗಟ್ಟಲೆ ಹಾಗೆ ತಿರುಗಿದ ಈ ಮೈ ಗುಲ್ಮಾರ್ಗಿನ ಹಿಮದಲ್ಲಿ ನನ್ನ ಮಾನ ಕಳೆದೀತೆಂದು ನಾನು ಎಣಿಸಿರಲಿಲ್ಲ.

ಹೋದ ಚಳಿಗಾಲದಲ್ಲಿ ಮೈದುನ ಎಲ್ಲರನ್ನೂ ಕರೆದೊಯ್ದಿದ್ದ. ಗಂಡಸರು ಕಂಬಳಿ ಹೊದ್ದು ಬಿಸಿ ಟೀ ಹಿಡಿದು ಕೂತರು. ನಾನೂ ವಾರಗಿತ್ತಿ ಸುಮಾಳೂ ಅಲ್ಲಿನ ಮೇಷ್ಟ್ರೊಬ್ಬರ ಹತ್ತಿರ ಸ್ನೋಬೋರ್ಡ್ ಕಲಿಯಲು ಇಳಿದೆವು. ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದು, ಅಡ್ಡಡ್ಡ ನಿಂತು ಜಾರುವ ವಿದ್ಯೆ ಅದು. ಅಂಚಿನ ಮೇಲೆ ಭಾರ ಬಿಟ್ಟು ಬಾಗಿದರೆ ಹಲಗೆ ಹಿಮವನ್ನು ಕೊಯ್ಯುತ್ತ ತಾನಾಗಿ ತಿರುಗುತ್ತದೆ. ಸುಮಾ ಕಂಡಷ್ಟಕ್ಕೇ ಕಲಿತಳು. ಅವಳು ಇಳಿದ ದಾರಿಯಲ್ಲಿ ರಂಗೋಲಿ ಎಳೆಯಂಥ ಒಂದೇ ಗೆರೆ. ನನ್ನದು ನೆಲ ಸಾರಿಸುವ ಬಟ್ಟೆ ಎಳೆದಂಥ ಅಗಲದ ಪಟ್ಟೆ. ಬಲಕ್ಕೆ ಹೇಗೋ ತಿರುಗುತ್ತಿದ್ದೆ. ಎಡಕ್ಕೆ ಮಾತ್ರ, ಅಪ್ರದಕ್ಷಿಣೆಯ ಅಳುಕು ಮೂಳೆಯಲ್ಲೇ ಕೂತಿತ್ತೋ ಏನೋ, ಸೊಂಟ ಕದಲದು. ಭುಜವನ್ನಷ್ಟೇ ಬೀಸುತ್ತಿದ್ದೆ; ಹಲಗೆಯ ಹಿಂಬದಿ ಜಾರಿ ಕುಕ್ಕರಿಸುತ್ತಿದ್ದೆ. ಮೊಣಕಾಲು ಮುರಿಯಲಿಲ್ಲ, ಅದು ದೇವರ ದಯೆ. ಸುಮಾ ನಗಲಿಲ್ಲ, ನಕ್ಕಿದ್ದರೆ ಬೈದಾದರೂ ಹೊಟ್ಟೆಯುರಿ ತಣಿಸಿಕೊಳ್ಳುತ್ತಿದ್ದೆ.

“ಅಕ್ಕ, ನೀವು ದಾರಿ ನೋಡ್ತಿಲ್ಲ, ನನ್ನೇ ನೋಡ್ತಿದೀರ,” ಎಂದಳು. “ಕಣ್ಣು ಎಲ್ಲೋ ಮೈ ಅಲ್ಲಿಗೇ. ಮೇಷ್ಟ್ರು ಬೆಳಗ್ಗೆಯಿಂದ ಹಿಂದೀಲಿ ಅದನ್ನೇ ಬಡ್ಕೋತಿದಾರೆ.”

“ನೋಡ್ತಾ ನಿಲ್ಲೋಕೆ ನೀನೇನು ಉತ್ಸವಮೂರ್ತಿನಾ?” ಎಂದೆ. ಅವಳ ಮಾತೇನೋ ನಿಜವೇ ಆಗಿತ್ತು.

ಎರಡೂ ಕಡೆ ತಿರುಗಲು ಬಾರದವರಿಗೆ ಮೇಲಿನ ಇಳಿಜಾರು ಇಲ್ಲವೆಂದು ಮೇಷ್ಟ್ರು ಹೇಳಿಬಿಟ್ಟಿದ್ದರು. ಸುಮಾ ಒಬ್ಬಳೇ ಏರಿಹೋಗುವುದನ್ನು ಕೆಳಗೆ ನಿಂತು ನೋಡಬೇಕೇ? ಕೊನೆಯ ಬೆಳಗ್ಗೆ, ಇಲ್ಲಿ ಗರ್ಭಗುಡಿ ಇಲ್ಲ, ತಪ್ಪೆಣಿಸಬೇಡ ಎಂದು ಸ್ವಾಮಿಗೆ ಹೇಳಿಕೊಂಡು, ಎಡಗಡೆಯ ದೇವದಾರು ಮರವೊಂದನ್ನು ದಿಟ್ಟಿಸಿದೆ. ಕಣ್ಣಿನ ಹಿಂದೆ ಭುಜ ಹೋಯಿತು, ಭುಜದ ಜೊತೆಗೇ ಸೊಂಟ. ಹಿಮ್ಮಡಿಯ ಕಡೆಯ ಅಂಚು ಹಿಮವನ್ನು ಕಚ್ಚಿ ಹಿಡಿಯಿತು. ಮೇಷ್ಟ್ರು ಬೆಟ್ಟದ ಮೇಲಕ್ಕೆ ಕೈ ತೋರಿಸಿದರು.

ಮೇಲೆ ಹೋಗಿ ಆ ಇಳಿಜಾರು ಕಂಡದ್ದೇ ಸುಮಾಳ ಮುಖ ಬಿಳುಚಿತು. “ಅಕ್ಕ, ನೀವು ಮುಂದೆ ಹೋಗಿ. ನಿಮ್ಮ ಗೆರೆ ನೋಡ್ಕೊಂಡು ಬರ್ತೀನಿ.”

ಹೊರಟೆ. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ಅವಳು ಬಂದಳೋ, ಬಿದ್ದಳೋ, ನನಗಿಂತ ಚೆಂದ ಬರುತ್ತಿದ್ದಾಳೋ ಎಂದು ಹೊರಳಿ ನೋಡುವ ಆಸೆ ಕತ್ತಿನವರೆಗೆ ಬಂತು. ಕತ್ತು ಹೊರಳಿದರೆ ಭುಜ ಹೊರಳುತ್ತದೆ, ಗೆರೆ ಕೆಡುತ್ತದೆ. ಮತ್ಸರ ಕೊಟ್ಟ ಸ್ವಾಮಿಯೇ ಕತ್ತನ್ನೂ ಹಿಡಿದುಕೊಂಡ. ಬುಡ ಮುಟ್ಟುವವರೆಗೆ ಮುಂದೆಯೇ ನೋಡಿದೆ.