ಅವ್ವನ ಮಾತಿಗೆ ನಕ್ಕ ಊರು

ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಕೂತ ಮೇಲೆ ಅವ್ವ ಕಂಡಕ್ಟರನನ್ನು ಕರೆದು, "ಯಪ್ಪಾ, ಮಳವಳ್ಳಿ ಬಂದ್ರ ನಮಗ ಹೇಳೋ. ಕಣ್ಣು ಮಂಜಾಗ್ಯಾವು, ಬೋರ್ಡು ಕಾಣಂಗಿಲ್ಲ," ಎಂದಳು. ಸುತ್ತಲಿನ ಜನ ನಕ್ಕರು. ಮುಂದಿನ ಸೀಟಿನ ಹೆಂಗಸು ಹಿಂದೆ ತಿರುಗಿ ಅವ್ವನ ಮುಖವನ್ನೇ ನೋಡಿದಳು. ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಯಾವ್ ಪಿಚ್ಚರ್‌ನಲ್ಲಿ ಮಾಡಿದ್ದೀಯಜ್ಜಿ? ಎಲ್ಲೋ ಕೇಳ್ದಂಗದಲ್ಲಾ ಈ ಮಾತು!" ಎಂದ. ಅವರೆಲ್ಲ ನಗುತ್ತಿದ್ದಾರೆಂದು ಅವ್ವನೂ ನಕ್ಕಳು. ಏಕೆ ನಗುತ್ತಿದ್ದಾರೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಇಳಕಲ್ಲಿನಿಂದ ಮಳವಳ್ಳಿಗೆ ವರ್ಗವಾಯಿತು. ಅಪ್ಪ ತೀರಿಕೊಂಡಿದ್ದ ಕಾರಣ ಅವ್ವನನ್ನೂ ಕರೆದುಕೊಂಡೇ ಬಂದೆ. ಒಂದೇ ರಾಜ್ಯ, ಒಂದೇ ಭಾಷೆ, ಏನು ಮಹಾ ಎಂದುಕೊಂಡಿದ್ದೆ. ದುಬೈಗೆ ಹೋದವರಿಗೆ ತಾವು ಪರದೇಶಕ್ಕೆ ಬಂದಿದ್ದೇವೆ ಎಂಬ ಅರಿವಾದರೂ ಇರುತ್ತದೆ. ನಮಗೆ ಅದೂ ಇರಲಿಲ್ಲ.

ಪುಟ್ಟತಾಯಮ್ಮನ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಆಕೆಯ ತವರು ಮದ್ದೂರಿನ ಬಳಿಯ ಕೊಪ್ಪ. ಅಲ್ಲಿಂದ ಅಕ್ಕಿ, ಬೆಲ್ಲ ಬಂದರೆ ನಮಗೂ ಒಂದು ಪಾಲು ಮಹಡಿ ಹತ್ತಿ ಬರುತ್ತದೆ. ಮೊದಲ ದಿನವೇ ಮುದ್ದೆ, ಸೊಪ್ಪಿನ ಸಾರು ತಂದಿಟ್ಟು ಎದುರಿಗೆ ಕೂತರು. ಅವ್ವ ಜೋಳದ ರೊಟ್ಟಿ ಅಗಿದಂತೆ ಮುದ್ದೆಯನ್ನು ಅಗಿಯತೊಡಗಿದಳು. "ಅಯ್ಯೋ, ಅಗೀಬಾರ್ದು ಕಣಜ್ಜಿ, ಸಾರ್‌ಗೆ ಅದ್ಕಂಡು ನುಂಗ್ಬುಡು," ಎಂದರು. ನಮ್ಮಲ್ಲಿ ತರಕಾರಿ ಮಾರುವವನಿಗೂ 'ರೀ' ಹಚ್ಚುತ್ತೇವೆ. ಇಲ್ಲಿ ಬೇಕಾದವರಿಗೆ 'ಲೇ', ಬೇಡವಾದವರಿಗಷ್ಟೇ 'ರೀ'. ಪುಟ್ಟತಾಯಮ್ಮ ನನ್ನನ್ನು 'ಬಾರಮ್ಮಿ' ಎಂದು ಕರೆಯತೊಡಗಿದಾಗ, ಅದು ಮನೆಮಗಳಿಗೆ ಕೊಡುವ ಸಲಿಗೆ ಎಂದು ಅರ್ಥವಾಗಲು ತಿಂಗಳುಗಳೇ ಬೇಕಾದವು.

ಗೆಳತಿಯರ ಜೊತೆ ಕೂತು ನೋಡುವಂಥ ಹಾಸ್ಯ ಚಿತ್ರ ಯಾವುದಿದ್ದರೂ ಬರೆದು ತಿಳಿಸು ಎಂದು ಇಳಕಲ್ಲಿನ ನಮ್ಮ ಓಣಿಯವರು ಕೇಳುತ್ತಲೇ ಇರುತ್ತಾರೆ. ಈ ಊರಿನಲ್ಲಿ ಅದಕ್ಕೇನೂ ಕೊರತೆಯಿಲ್ಲ. ಭಾನುವಾರ ಬಾಡೂಟ, ಅಂದರೆ ಮಾಂಸದಡುಗೆಯ ಊಟ, ಮುಗಿದ ಮೇಲೆ ಪುಟ್ಟತಾಯಮ್ಮನ ನಡುಮನೆಯಲ್ಲಿ ಟಿವಿ ಮುಂದೆ ಓಣಿಯ ಹೆಂಗಸರು ಸೇರುತ್ತಾರೆ. ಇಳಕಲ್ಲಿನಲ್ಲಿ ನಾವು ನಗು ಬಂದಾಗ ನಕ್ಕು, ಮುಂದಿನ ಮಾತು ತಪ್ಪೀತೆಂದು ಬಾಯಿ ಮುಚ್ಚಿಕೊಳ್ಳುತ್ತಿದ್ದೆವು. ಇವರು ಮುಂದಿನ ಮಾತನ್ನು ತಾವೇ ಮೊದಲು ಆಡಿಬಿಡುತ್ತಾರೆ. ಪರದೆಯ ಮೇಲಿನ ಜಿಪುಣ ಮಾವನಿಗೆ "ಥೂ, ನಿನ್ ಬಾಳಿಗಿಷ್ಟು!" ಎಂದು ಬೈಯುತ್ತಾರೆ. ಪಕ್ಕದ ಮನೆಯ ಶಿಕ್ಷಕಿ ನಾಗರತ್ನ ಎದ್ದು ನಿಂತು ಎಲ್ಲರ ಪಾತ್ರವನ್ನೂ ಮಾಡಿ ತೋರಿಸುತ್ತಾಳೆ. ಅರ್ಧ ಚಿತ್ರ ಟಿವಿಯಲ್ಲಿ, ಇನ್ನರ್ಧ ಚಾಪೆಯ ಮೇಲೆ. ಜಿಪುಣತನ, ಸುಳ್ಳು, ಜಂಬಗಳನ್ನು ತೋರಿಸಿ ನಗಿಸುವ ಚಿತ್ರಗಳನ್ನು ಎಷ್ಟು ಸಲ ಬೇಕಾದರೂ ಹಾಗೆ ನೋಡಬಹುದು.

ಅವ್ವನಿಗೆ ಮೊದಮೊದಲು ಅಲ್ಲಿ ಕೂರುವುದೇ ಹಬ್ಬವಾಗಿತ್ತು. ಅವಳು ಏನಂದರೂ ಅವರು ನಗುತ್ತಿದ್ದರು. ನೀರು ಕೇಳಿದರೆ ನಗು, ಸೆಕೆ ಎಂದರೆ ನಗು. "ನೋಡವಾ, ಈ ಮಂದಿಗೆ ನನ್ನ ಮಾತು ಭಾಳ ಸೇರತೈತಿ," ಎಂದು ಮೆಟ್ಟಿಲು ಹತ್ತುತ್ತಾ ಹಿಗ್ಗುತ್ತಿದ್ದಳು. ಹಲವು ಚಿತ್ರಗಳಲ್ಲಿ ನಮ್ಮ ಕಡೆಯ ಮಾತು ಅಡುಗೆಯವಳ ಬಾಯಲ್ಲೋ ಪೆದ್ದ ಆಳಿನ ಬಾಯಲ್ಲೋ ಇರುತ್ತದೆ. ಅವರು ಬಾಯಿ ತೆರೆದರೆ ಸಾಕು, ಜನ ನಗಬೇಕು. ಅವ್ವ ಅದನ್ನು ಗಮನಿಸಿರಲಿಲ್ಲ.

ಆ ಭಾನುವಾರದ ಚಿತ್ರದಲ್ಲೂ ಅಂಥ ಒಬ್ಬ ಕೆಲಸದವಳಿದ್ದಳು. ಒಡವೆ ಕದ್ದು ಸಿಕ್ಕಿಬಿದ್ದಾಗ, ಊರಲ್ಲಿ ಗಂಡ ಸತ್ತನೆಂದು ಎದೆ ಬಡಿದುಕೊಂಡು ಅಳುವ ನಾಟಕ ಹೂಡುತ್ತಾಳೆ. ನಡುಮನೆಯಲ್ಲಿ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಅವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮವರೂ ಹಿಂಗ ಹ್ವಾದ್ರವಾ. ಚಾ ಕುಡಿತೀನಿ ಅಂತ ಮಗ್ಗದಿಂದ ಎದ್ದು ಬಂದ್ರು, ಬಾಗಲದಾಗ ಬಿದ್ರು. ನಾ ಇನ್ನಾ ಚಾದಾಗ ಸಕ್ರಿ ಹಾಕಾಕತ್ತಿದ್ನಿ," ಎಂದಳು.

ನಾಗರತ್ನ ಚಪ್ಪಾಳೆ ತಟ್ಟಿದಳು. "ಥೇಟ್ ಅವಳಂಗೇಯ! ಅಜ್ಜಿ, ಇನ್ನೊಂದ್ಸಲ ಯೋಳಜ್ಜಿ!"

ಚಾಪೆಯ ಮೇಲಿದ್ದವರೆಲ್ಲ ಇನ್ನಷ್ಟು ನಕ್ಕರು. ಅವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಟಿವಿಯಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದವಳನ್ನು ನೋಡಿದಳು. ಅಷ್ಟು ದಿನದ ನಗುವೆಲ್ಲ ಅವಳಿಗೆ ಅರ್ಥವಾದದ್ದು ಆಗ.

"ಅದು ನಿಜ. ನಮ್ಮಪ್ಪ ಹೋದದ್ದು ಹಾಗೆಯೇ," ಎಂದೆ ನಾನು. ಪುಟ್ಟತಾಯಮ್ಮ ರಿಮೋಟಿಗಾಗಿ ತಡಕಾಡಿದರು. ಅದು ಸಿಗುವವರೆಗೂ ಆ ಕೆಲಸದವಳು ಅಳುತ್ತಲೇ ಇದ್ದಳು.

ಮಾರನೆಯ ಬೆಳಿಗ್ಗೆ ಪುಟ್ಟತಾಯಮ್ಮ ಮಹಡಿ ಹತ್ತಿ ಬಂದು ಅವ್ವನ ಕೈ ಹಿಡಿದು ಅತ್ತರು. "ತೆಪ್ಪಾಗೋಯ್ತು ಕಣವ್ವ. ನೀನೂ ಆಟ ಕಟ್ತಿದ್ದೀಯೆ ಅನ್ಕಬುಟ್ಟೊ. ಒಟ್ಟೆಗಾಕ್ಕೊ ತಾಯಿ." ಅವ್ವ ಅವರ ಬೆನ್ನು ಸವರಿ, "ಇರ್ಲಿ ಬಿಡವಾ," ಎಂದಳು. ಅವಳಿಗೆ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಕೆಟ್ಟವರಾಗಿದ್ದರೆ ಮನೆ ಖಾಲಿ ಮಾಡಬಹುದಿತ್ತು. ಅವ್ವನಿಗೆ ಜ್ವರ ಬಂದು ನಾನು ಡ್ಯೂಟಿಯಲ್ಲಿದ್ದಾಗ ಗಂಜಿ ಕುಡಿಸಿದವರು ಇವರೇ. ಒಳ್ಳೆಯವರ ನಗುವಿನಿಂದ ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಅಂದಿನಿಂದ ಅವ್ವನ ಮಾತು ಇಳಿಯುತ್ತಾ ಬಂತು. ಇಳಕಲ್ಲಿನಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾ ಇಡೀ ಓಣಿಯ ಸುದ್ದಿ ಹೇಳುತ್ತಿದ್ದವಳು, ಸೊಪ್ಪಿನವಳು ಬಂದರೆ ಬೆರಳು ತೋರಿಸಿ ಸುಮ್ಮನಾಗತೊಡಗಿದಳು. ನನ್ನ ಜೊತೆಗೂ ಹೂಂ, ಉಹೂಂ ಅಷ್ಟೇ. ಒಂದು ಸಂಜೆ ನಾನು ಚಪ್ಪಲಿ ಬಿಡುತ್ತಿದ್ದಾಗ ಅಡುಗೆಮನೆಯಿಂದ ಅವಳ ದನಿ ಕೇಳಿಸಿತು. ಒಳಗೆ ಬೇರೆ ಯಾರೂ ಇರಲಿಲ್ಲ. "ಬತ್ತೀನಿ... ಓಯ್ತೀನಿ... ಬ್ಯಾಡ ಕಣವ್ವ..." ಎಂದು ಮೆಲ್ಲಗೆ, ಮಗ್ಗಿ ಬಾಯಿಪಾಠ ಮಾಡುವಂತೆ ಹೇಳಿಕೊಳ್ಳುತ್ತಿದ್ದಳು. ಎಪ್ಪತ್ತು ದಾಟಿದ ನನ್ನವ್ವ ಯಾರೂ ನಗದಂಥ ಮಾತು ಕಲಿಯುತ್ತಿದ್ದಳು. ನಾನು ಬಾಗಿಲಲ್ಲೇ ಕೂತು ಅತ್ತೆ. ಇವಳನ್ನು ಇಲ್ಲಿಗೆ ಕರೆತರಬಾರದಿತ್ತು ಎಂದು ಅನ್ನಿಸಿತು. ಈಗಲೂ ದಿನವೂ ಅನ್ನಿಸುತ್ತದೆ.

ಕಳೆದ ಭಾನುವಾರ ಮಧ್ಯಾಹ್ನ ಇಳಕಲ್ಲಿನಿಂದ ನಮ್ಮ ಚಿಕ್ಕವ್ವ, ಅಂದರೆ ಅವ್ವನ ತಂಗಿ, ಫೋನ್ ಮಾಡಿದಳು. ಅಲ್ಲಿ ಮನೆ ತುಂಬ ಮಕ್ಕಳು, ಮೊಮ್ಮಕ್ಕಳು. ಬಹಳ ದಿನಗಳ ಮೇಲೆ ಅವ್ವನ ಮುಖ ಅರಳಿತು. ನಾನು ಸ್ಪೀಕರ್ ಹಾಕಿ ಕೊಟ್ಟೆ.

"ಹೆಂಗದಿ ಅಕ್ಕಾ? ಊಟಾತೇನ?"

"ಚೆಂದಾಗಿವ್ನಿ ಕಣವ್ವ. ಉಂಡಾಯ್ತು," ಎಂದಳು ಅವ್ವ. ಬೇಕೆಂದು ಆಡಿದ್ದಲ್ಲ. ಕಲಿತದ್ದು ತಾನಾಗಿಯೇ ಬಾಯಿಗೆ ಬಂದಿತ್ತು.

ಆ ಕಡೆ ಇಡೀ ಮನೆ ಗೊಳ್ಳೆಂದಿತು. "ಅಯ್ಯ ಅಕ್ಕಾ, ಸಿನಿಮಾದಾಗಿನ ಗೌಡ್ರಂಗ ಮಾತಾಡಾಕತ್ತಿಯಲ್ಲ! ಇನ್ನೊಮ್ಮಿ ಅನ್ನ, ಹುಡುಗೂರು ಕೇಳ್ತಾವು!"

ಅವ್ವ ಫೋನನ್ನು ನನ್ನ ಕೈಗಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು. ಚಿಕ್ಕವ್ವ ನಗುತ್ತಲೇ "ಹಲೋ, ಹಲೋ" ಎನ್ನುತ್ತಿದ್ದಳು. ಯಾವ ಊರಿನ ಮಾತಿನಲ್ಲಿ ಉತ್ತರ ಕೊಡುವುದೆಂದು ತಿಳಿಯದೆ ನಾನು ಸ್ಪೀಕರ್ ಆರಿಸಿದೆ. ಕೆಳಗಿನ ಮನೆಯಲ್ಲಿ ಚಿತ್ರ ಶುರುವಾಗಿತ್ತು. ಅಲ್ಲಿಯೂ ಎಲ್ಲರೂ ನಗುತ್ತಿದ್ದರು.