ಅಂಕಿ ತಿದ್ದಿದ ಶನಿವಾರ

ಮಹದೇವಪುರದ ಒಂದು ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ನಾನು ಹದಿನಾಲ್ಕು ವರ್ಷ ಕೈಯಿಂದಲೇ ನಕ್ಷೆ ಬರೆದವಳು. ಕಿಟಕಿಯ ಪಕ್ಕ ಓರೆಯಾಗಿ ನಿಂತ ಎರಡು ದೊಡ್ಡ ಹಲಗೆಗಳು. ಒಂದು ನನ್ನದು, ಇನ್ನೊಂದು ನನಗೆ ಕೆಲಸ ಕಲಿಸಿದ ಹಿರಿಯರದು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಆಫೀಸಿಗೆ ಒಂದು ಕಂಪ್ಯೂಟರ್ ಬಂತು. ಮ್ಯಾನೇಜರು ನಮ್ಮಿಬ್ಬರನ್ನೂ ಕರೆದು, ಇಂದಿರಾನಗರದಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ನಾಲ್ಕು ವಾರದ ಕ್ಯಾಡ್ ತರಬೇತಿ ಇದೆ, ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ, ಫೀಸು ಕಂಪನಿಯದು ಎಂದರು. ಹಿರಿಯರು ಅಲ್ಲೇ ಕೈ ಮುಗಿದುಬಿಟ್ಟರು. "ಈ ವಯಸ್ಸಲ್ಲಿ ಇಲಿ ಹಿಡ್ಕೊಂಡು ಆಟ ಆಡೋಕೆ ನನ್ ಕೈಲಾಗಲ್ಲ ಸಾರ್." ಮುಂದಿನ ಸೋಮವಾರ ಅವರನ್ನು ಸ್ಟೋರ್ಸಿಗೆ ಹಾಕಿದರು. ಅವರ ಹಲಗೆಯನ್ನು ಬಿಚ್ಚಿ ಗೋಡೆಗೆ ಒರಗಿಸಿದರು.

ನನಗೆ ಮ್ಯಾನೇಜರು ಹೇಳಿದ್ದು ಇಷ್ಟೇ: "ನಾಲ್ಕು ವಾರ ಟೈಮ್ ಇದೆ ನಿಮಗೆ. ಆಮೇಲೂ ಆಗ್ಲಿಲ್ಲ ಅಂದ್ರೆ ಡಿಪ್ಲೊಮಾದವರು ಬೇಕಾದಷ್ಟು ಜನ ಇದಾರೆ. ನೀವು ಸ್ಟೋರ್ಸಲ್ಲೇ ಇರಬಹುದು, ತೊಂದರೆ ಇಲ್ಲ."

ತೊಂದರೆ ಇಲ್ಲ ಎಂಬ ಮಾತು ನನಗೆ ರಾತ್ರಿ ಊಟ ಸೇರದ ಹಾಗೆ ಮಾಡಿತು. ಸ್ಟೋರ್ಸಿನಲ್ಲಿ ಹಿರಿಯರು ಏನು ಮಾಡುತ್ತಿದ್ದಾರೆಂದು ದಿನಾ ನೋಡುತ್ತಿದ್ದೆ. ಬೋಲ್ಟು ವಾಷರುಗಳ ಡಬ್ಬಗಳಿಗೆ ಚೀಟಿ ಬರೆದು ಅಂಟಿಸುತ್ತಿದ್ದರು. ಆ ಚೀಟಿಯ ಅಕ್ಷರಗಳೂ ನಕ್ಷೆಯ ಮೂಲೆಯ ಅಕ್ಷರಗಳಂತೆಯೇ ನೆಟ್ಟಗೆ, ಒಂದೇ ಎತ್ತರಕ್ಕೆ ಇರುತ್ತಿದ್ದವು.

ಹಲಸೂರಿನ ನಮ್ಮ ಮನೆಯಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ಹಳೆಯ ಕ್ಯಾಲೆಂಡರಿನ ಹಾಳೆ ಹಿಂದುಮುಂದು ಮಾಡಿ, ಅದರ ಮೇಲೆ ಪರದೆಯನ್ನು ಬರೆದುಕೊಂಡು ಅಭ್ಯಾಸ ಮಾಡುತ್ತಿದ್ದೆ. ಯಾವ ಅಕ್ಷರ ಒತ್ತಿದರೆ ಗೆರೆ, ಯಾವುದು ಒತ್ತಿದರೆ ವೃತ್ತ ಎಂದು ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡು, ಬೆಳಿಗ್ಗೆ ಅಕ್ಕಿ ತೊಳೆಯುವಾಗ ಬಾಯಿಪಾಠ ಹೇಳುತ್ತಿದ್ದೆ. ನಮ್ಮ ಮನೆಯವರು ಒಂದು ದಿನ ಕೇಳಿದರು, "ಏನೇ ಅದು, ಹೊಸ ಮಂತ್ರಾನಾ? ಯಾವ ದೇವ್ರಿಗೆ?"

"ಸ್ಟೋರ್ಸಿಗೆ ಕಳಿಸದೇ ಇರೋ ದೇವ್ರಿಗೆ" ಎಂದೆ.

ತರಬೇತಿ ನಡೆಯುತ್ತಿದ್ದುದು ನೂರಡಿ ರಸ್ತೆಯ ಹಿಂದಿನ ಒಂದು ಅಡ್ಡರಸ್ತೆಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ. ಹನ್ನೆರಡು ಕಂಪ್ಯೂಟರು, ಹನ್ನೆರಡು ಜನ. ನನ್ನನ್ನು ಬಿಟ್ಟರೆ ಉಳಿದವರೆಲ್ಲ ಕಾಲೇಜು ಮುಗಿಸಿ ಬಂದ ಹುಡುಗ ಹುಡುಗಿಯರು. ನಾನು ಅವರಿಗೆ ಆಂಟಿ. ಕಲಿಸುವ ಮೇಡಂಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಮಾತು ಮುಗಿಸಿದಾಗಲೆಲ್ಲ "ಗೊತ್ತಾಯ್ತಾ? ನೆಕ್ಸ್ಟ್ ಹೋಗ್ಲಾ?" ಎಂದು ಕೇಳುತ್ತಿದ್ದರು. ಹನ್ನೊಂದು ಜನ "ಹೂಂ ಮೇಡಂ" ಎನ್ನುವಾಗ ನಾನೊಬ್ಬಳು ಇಲ್ಲವೆನ್ನಲು ನಾಚಿಕೆಯಾಗಿ ನಾನೂ ಹೂಂಗುಟ್ಟುತ್ತಿದ್ದೆ. ಬರೆದ ಆಕಾರವನ್ನು ಒಂದು ಬದಿಗೆ ಹಿಗ್ಗಿಸುವ ಪಾಠ ಆ ಹೂಂಗುಟ್ಟುವಿಕೆಯಲ್ಲೇ ತಪ್ಪಿಹೋಯಿತು. ಎಡದಿಂದ ಹಿಡಿಯಬೇಕೋ ಬಲದಿಂದ ಹಿಡಿಯಬೇಕೋ ತಿಳಿಯಲಿಲ್ಲ. ನಾನು ಹಿಗ್ಗಿಸಲು ಹೋದರೆ ಇಡೀ ಚಿತ್ರವೇ ಪಕ್ಕಕ್ಕೆ ಸರಿದುಬಿಡುತ್ತಿತ್ತು.

ಮೂರನೆಯ ಶನಿವಾರದ ಹೊತ್ತಿಗೆ ಮ್ಯಾನೇಜರು ನನಗೆ ಮೊದಲ ನಿಜವಾದ ಕೆಲಸ ಕೊಟ್ಟಿದ್ದರು. ಕಂಬಗಳ ಅಡಿಗೆ ಹಾಕುವ ಉಕ್ಕಿನ ತಳಹಲಗೆ, ನಾಲ್ಕು ತೂತು, ಉದ್ದ ನಾನೂರು ಮಿಲಿಮೀಟರು. ಒಟ್ಟು ಇಪ್ಪತ್ತನಾಲ್ಕು ಹಲಗೆ. ಕೆ.ಆರ್. ಪುರದ ರೈಲ್ವೆ ಗೇಟಿನಾಚೆ ಒಂದು ಕಟಿಂಗ್ ಶಾಪಿನಲ್ಲಿ ಹೊಸ ಯಂತ್ರ ಬಂದಿತ್ತು. ನಕ್ಷೆ ತುಂಬಿದ ಫ್ಲಾಪಿ ಕೊಟ್ಟರೆ ಅದರೊಳಗಿನ ಗೆರೆಯನ್ನೇ ಹಿಡಿದು ಗ್ಯಾಸಿನ ಉರಿಯಲ್ಲಿ ಉಕ್ಕು ಕತ್ತರಿಸುತ್ತಿತ್ತು. "ಇದು ಸರಿಯಾಗಿ ಹೋಯ್ತು ಅಂದ್ರೆ ಸೀಟು ನಿಮ್ದೇ" ಎಂದಿದ್ದರು ಮ್ಯಾನೇಜರು.

ಎರಡು ದಿನ ಕೂತು ಬರೆದೆ. ಶನಿವಾರ ಹನ್ನೆರಡೂವರೆಗೆ ಮ್ಯಾನೇಜರು ಬಾಗಿಲಲ್ಲಿ ನಿಂತು, "ಪಾರ್ಟಿ ಫೋನ್ ಮಾಡಿದ್ರು. ನಾನೂರು ಸಾಲಲ್ಲ, ನಾನೂರ ಇಪ್ಪತ್ತು ಮಾಡಿ. ಒಂದು ಗಂಟೆಗೆ ವ್ಯಾನ್ ಹೊರಡುತ್ತೆ" ಎಂದರು.

ಅರ್ಧ ಗಂಟೆ. ಹಿಗ್ಗಿಸಲು ನೋಡಿದೆ, ಚಿತ್ರ ಸರಿಯಿತು. ಮತ್ತೆ ನೋಡಿದೆ, ತೂತುಗಳು ಒಂದು ಕಡೆ, ಅಂಚು ಒಂದು ಕಡೆ ಆದವು. ಎಲ್ಲ ಹಿಂದಕ್ಕೆ ತಂದೆ. ಕೈ ಬೆವೆತು ಮೌಸು ಜಾರುತ್ತಿತ್ತು. ಆಗ ನನ್ನ ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು.

ಡ್ರಾಯಿಂಗ್ ಹಲಗೆಯ ಮೇಲೆ ಬರೆಯುತ್ತಿದ್ದ ಕಾಲದಲ್ಲಿ ಹತ್ತಿಪ್ಪತ್ತು ಮಿಲಿಮೀಟರು ಬದಲಾದರೆ ಯಾರೂ ಇಡೀ ನಕ್ಷೆ ಮತ್ತೆ ಬರೆಯುತ್ತಿರಲಿಲ್ಲ. ಬ್ಲೇಡಿನಿಂದ ಹಳೆಯ ಅಂಕಿಯನ್ನು ನವಿರಾಗಿ ಕೆರೆದು, ಹೊಸ ಅಂಕಿ ಬರೆದು, ಅದರ ಕೆಳಗೆ ಒಂದು ಅಡ್ಡಗೆರೆ ಎಳೆದರಾಯಿತು. ಗೆರೆಯನ್ನು ನಂಬಬೇಡಿ, ಈ ಅಂಕಿಯನ್ನು ನಂಬಿ ಎಂದು ಅದರ ಅರ್ಥ. ನಕ್ಷೆಯನ್ನು ಅಳೆದು ನೋಡಕೂಡದು, ಬರೆದದ್ದನ್ನೇ ಅನುಸರಿಸಬೇಕು ಎಂದು ಪ್ರತಿ ಹಾಳೆಯ ಕೆಳಗೂ ಅಚ್ಚಾಗಿರುತ್ತಿತ್ತು. ಹಿರಿಯರು ನನಗೆ ಕಲಿಸಿದ ಮೊದಲ ಪಾಠವೇ ಅದು.

ಪರದೆಯಲ್ಲಿ 400ರ ಮೇಲೆ ಒತ್ತಿ 420 ಎಂದು ಕುಟ್ಟಿದೆ. ಕೆಳಗೆ ಅಡ್ಡಗೆರೆಯನ್ನೂ ಎಳೆದೆ. ಪ್ರಿಂಟು ತೆಗೆದೆ. ಮ್ಯಾನೇಜರು ಅಂಕಿಯ ಮೇಲೆ ಬೆರಳಿಟ್ಟು, "ಗುಡ್" ಎಂದು ಸಹಿ ಹಾಕಿದರು. ಫ್ಲಾಪಿ ಮತ್ತು ಪ್ರಿಂಟು ವ್ಯಾನಿನಲ್ಲಿ ಹೋದವು. ಅಂದು ಮಧ್ಯಾಹ್ನದ ತರಗತಿಯಲ್ಲಿ ನಾನು ಬಹಳ ಹಗುರಾಗಿದ್ದೆ. ಬೇಕರಿಯಿಂದ ಮನೆಗೆ ದಿಲ್‌ಪಸಂದ್ ಕಟ್ಟಿಸಿಕೊಂಡು ಹೋದೆ.

ಭಾನುವಾರ ಬೆಳಿಗ್ಗೆ ಮೇಡಂ ಅಳತೆ ಕೇಳುವುದನ್ನು ಹೇಳಿಕೊಟ್ಟರು. ಗೆರೆಯ ಎರಡು ತುದಿ ತೋರಿಸಿದರೆ ಯಂತ್ರವೇ ಅದರ ಉದ್ದ ಹೇಳುತ್ತದೆ. ಒಬ್ಬ ಹುಡುಗ ತನ್ನ ಪರದೆಯಲ್ಲಿ ಸುಮ್ಮನೆ ಅಂಕಿ ಬದಲಾಯಿಸಿ ತಮಾಷೆ ಮಾಡುತ್ತಿದ್ದ. "ನೋಡಿ ಮೇಡಂ, ನನ್ ಟೇಬಲ್ ಐದು ಕಿಲೋಮೀಟರ್!"

ಮೇಡಂ ನಕ್ಕರು. "ನೀನು ಐದು ಕಿಲೋಮೀಟರ್ ಅಂತ ಬರಿ, ಐವತ್ತು ಅಂತ ಬರಿ, ಮೆಷಿನ್‌ಗೆ ಓದೋಕೆ ಬರಲ್ಲ. ಅದಕ್ಕೆ ಗೊತ್ತಿರೋದು ಗೆರೆ ಮಾತ್ರ. ಗೊತ್ತಾಯ್ತಾ?"

ಹನ್ನೊಂದು ಜನ ಹೂಂ ಎಂದರು. ನನ್ನ ಪ್ರಿಂಟಿನಲ್ಲಿ ನಾನೂರ ಇಪ್ಪತ್ತು. ಫ್ಲಾಪಿಯೊಳಗಿನ ಗೆರೆ ನಾನೂರೇ. ಕಟಿಂಗ್ ಶಾಪಿನ ಯಂತ್ರ ನನ್ನ ಅಡ್ಡಗೆರೆಯನ್ನು ಓದುವುದಿಲ್ಲ.

ಕೆಳಗಿಳಿದು ಬೂತಿನಿಂದ ಕಟಿಂಗ್ ಶಾಪಿಗೆ ಫೋನು ಮಾಡಿದೆ. ಭಾನುವಾರ, ಯಾರೂ ಎತ್ತಲಿಲ್ಲ. ಮ್ಯಾನೇಜರ ಮನೆಯ ನಂಬರು ನನ್ನ ಡೈರಿಯಲ್ಲಿತ್ತು. ರಿಸೀವರ್ ಕೈಯಲ್ಲಿ ಹಿಡಿದೇ ನಿಂತೆ. ಹಿಂದೆ ಕಾಯುತ್ತಿದ್ದವರು "ಅಮ್ಮಾ, ಆಯ್ತಾ?" ಎಂದರು. ಆಯ್ತು ಎಂದು ಇಟ್ಟುಬಿಟ್ಟೆ. ನಾಳೆ ಅವರು ಯಂತ್ರ ಹಾಕುವ ಮೊದಲೇ ಹೋಗಿ ತಡೆದರೆ ಯಾರಿಗೂ ತಿಳಿಯುವುದಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಅದೇ. ಇಂದು ನೆನೆದರೂ ಆ ಫೋನು ಮಾಡದಿದ್ದುದಕ್ಕೆ ನಾಚಿಕೆಯಾಗುತ್ತದೆ.

ಸೋಮವಾರ ಆರೂವರೆಗೇ ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ ಹಿಡಿದೆ. ಕಟಿಂಗ್ ಶಾಪಿನ ಶಿಫ್ಟು ಏಳೂವರೆಗೆ. ಟಿನ್ ಫ್ಯಾಕ್ಟರಿ ದಾಟುವಷ್ಟರಲ್ಲೇ ಏಳು ದಾಟಿತ್ತು. ರೈಲ್ವೆ ಗೇಟಿನ ಹತ್ತಿರ ಬಸ್ಸು ನಿಂತಿತು. ಕಂಡಕ್ಟರು ಹೊರಗೆ ತಲೆ ಹಾಕಿ, "ಗೂಡ್ಸು. ಟೀ ಕುಡ್ಕೊಂಡ್ ಬನ್ರಪ್ಪ, ಇವತ್ತಿಗೆ ಹೋಗಲ್ಲ ಇದು" ಎಂದು ಇಳಿದೇಬಿಟ್ಟ. ನಾನೂ ಇಳಿದೆ. ಲಾರಿಗಳ ಸಂದಿಯಲ್ಲಿ ನುಗ್ಗಿ ಗೇಟಿನವರೆಗೆ ಬಂದರೆ ಗೂಡ್ಸು ಗಾಡಿ ಹಳಿಯ ಮೇಲೆ ಅಲುಗದೆ ನಿಂತಿದೆ. ಡಬ್ಬಿಗಳನ್ನು ಎಣಿಸುತ್ತ ನಿಂತೆ. ಎಣಿಕೆ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದೆ. ಅದು ಸರಿದು ಗೇಟು ಏಳುವಾಗ ಏಳು ಮುಕ್ಕಾಲು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಶಾಪಿನ ಷಟರಿನ ಒಳಗಿನಿಂದ ನೀಲಿ ಬೆಳಕು ಬರುತ್ತಿತ್ತು.

"ನಿಲ್ಸಿ! ನಿಲ್ಸಿ ಅದನ್ನ!"

ಯಂತ್ರದ ಹತ್ತಿರ ನಿಂತಿದ್ದವರು ರಾಯಚೂರಿನ ಕಡೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಗುಂಡಿ ಒತ್ತಿ ಉರಿ ಆರಿಸಿ, ಕಪ್ಪು ಕನ್ನಡಕ ಮೇಲೆತ್ತಿದರು. "ಯಾಕ್ರೀ ಯಕ್ಕಾ, ಏನಾತ್ರೀ? ದೂರ ನಿಂದರ್ರಿ, ಸೀರಿಗೆ ಕಿಡಿ ಹಾರೀತು."

"ಎಷ್ಟು ಕಟ್ ಮಾಡಿದೀರಾ?"

"ಮೂರು ಬಿದ್ದಾವ. ನಾಕನೇದು ಅರ್ಧ."

ಅವರೇ ಟೇಪು ಹಿಡಿದು ತೋರಿಸಿದರು. ನಾನೂರು. "ಕಾಗದದಾಗ ಇಪ್ಪತ್ತು ಹೆಚ್ಚಿಗಿ ಐತಿ. ನಾನೂ ನೋಡೀನ್ರೀ. ಆದ್ರ ಹೊಸಾ ಮಷಿನ್ ಸುಳ್ಳು ಹೇಳಂಗಿಲ್ಲ, ಕಾಗದನ ತಪ್ಪಿರಬೇಕು ಅಂದ್ಕೊಂಡೆ."

ಉದ್ದ ಹೆಚ್ಚಾಗಿದ್ದರೆ ಕತ್ತರಿಸಬಹುದಿತ್ತು. ಕಡಿಮೆಯಾದ ಉಕ್ಕು ಯಾವ ಕೆಲಸಕ್ಕೂ ಬಾರದು. ನಾನು ಅಲ್ಲೇ ಒಂದು ಸಿಲಿಂಡರಿನ ಪಕ್ಕ ಕುಕ್ಕರುಬಡಿದೆ. ಅವರು ಒಂದು ಲೋಟ ನೀರು ತಂದುಕೊಟ್ಟು, ದನಿ ತಗ್ಗಿಸಿ ಹೇಳಿದರು. "ಫ್ಲಾಪಿ ಕೆಟ್ಟಿತ್ತು ಅಂದ್ಬಿಡ್ರಿ. ದಿನಾ ಎರಡು ಕೆಡ್ತಾವ. ಯಾವ ಸಾಹೇಬ್ರೂ ಕೇಳಂಗಿಲ್ಲ. ನಾನೂ ಹಂಗಾ ಹೇಳ್ತೀನಿ."

ಅಲ್ಲಿಂದ ಆಫೀಸಿಗೆ ಬರುವ ದಾರಿಯುದ್ದಕ್ಕೂ ಆ ಮಾತನ್ನು ಅಭ್ಯಾಸ ಮಾಡಿಕೊಂಡೆ. ಫ್ಲಾಪಿ ಕೆಟ್ಟಿತ್ತು ಸಾರ್. ಯಾಕೋ ಫ್ಲಾಪಿ ಸರಿ ಇರಲಿಲ್ಲ ಸಾರ್. ಮ್ಯಾನೇಜರ ಕೋಣೆಗೆ ಹೋಗುವಷ್ಟರಲ್ಲಿ ಸುದ್ದಿ ಶಾಪಿನಿಂದ ಫೋನಿನಲ್ಲಿ ಮುಟ್ಟಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರೇ ಕೇಳಿದರು, "ಏನ್ರೀ, ಫ್ಲಾಪಿ ಪ್ರಾಬ್ಲಮ್ಮಾ?"

ಹೂಂ ಎಂದರೆ ಮುಗಿಯುತ್ತಿತ್ತು. ಮೂರು ವಾರ ಆ ಮಹಡಿಯ ಮೇಲೆ ಹೂಂ ಎಂದೇ ನಾನು ಇಲ್ಲಿಗೆ ಬಂದು ನಿಂತಿದ್ದೆ. ಇಪ್ಪತ್ತನಾಲ್ಕೂ ಹಲಗೆಗೆ ಇನ್ನು ಅರ್ಧ ಗಂಟೆಯಲ್ಲಿ ಹೊಸ ಫ್ಲಾಪಿ ಮಾಡಬೇಕು, ಹಿಗ್ಗಿಸುವುದು ಈಗಲೂ ನನಗೆ ಬಾರದು.

"ಇಲ್ಲ ಸಾರ್" ಎಂದೆ. "ಗೆರೆ ಹಿಗ್ಸೋಕೆ ನನಗೆ ಬರಲಿಲ್ಲ. ಅಂಕಿ ಮಾತ್ರ ತಿದ್ದಿದೆ. ಬೋರ್ಡಲ್ಲಿ ಮಾಡೋ ಥರ."

ಅವರು ಪ್ರಿಂಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಅಂಕಿ, ಅದರ ಕೆಳಗಿನ ಅಡ್ಡಗೆರೆ, ಮೂಲೆಯಲ್ಲಿ ತಮ್ಮ ಸಹಿ. ಮುಖ ಕೆಂಪಾಗಿತ್ತು. ಬೈಗುಳ ಈಗ ಬರುತ್ತದೆ, ಈಗ ಬರುತ್ತದೆ ಎಂದು ಸೆರಗಿನ ತುದಿ ಹಿಂಡುತ್ತ ನಿಂತಿದ್ದೆ.

"ಈ ಅಡ್ಡಗೆರೆ ನಾನೂ ನೋಡಿದೆ" ಎಂದರು ಕೊನೆಗೆ. "ಇಪ್ಪತ್ತು ವರ್ಷದಿಂದ ನೋಡ್ತಾ ಇದೀನಿ. ಕಣ್ಣಿಗೆ ತಪ್ಪು ಅಂತ ಕಾಣ್ಲೇ ಇಲ್ಲ." ಆಮೇಲೆ ಸಿಡುಕಿದರು. "ನಿಂತ್ಕೊಂಡು ಏನ್ ನೋಡ್ತೀರಾ? ಆ ಟ್ರೇನಿಂಗ್ ಮೇಡಂಗೆ ಫೋನ್ ಹಾಕಿ. ಹಿಗ್ಗಿಸೋದು ಹೆಂಗೆ ಅಂತ ಕೇಳಿ, ಈಗ್ಲೇ."

ಫೋನನ್ನು ಹೆಗಲಿಗೆ ಒತ್ತಿ ಹಿಡಿದು, ಮೇಡಂ ಹೇಳಿದ ಹಾಗೆ ಬಲದಿಂದ ಎಡಕ್ಕೆ ಚೌಕ ಎಳೆದೆ. ಅಂಚು, ಅದರ ಜೊತೆಗಿನ ಎರಡು ತೂತು, ಅಷ್ಟೇ ಸಿಕ್ಕವು. ಇಪ್ಪತ್ತು ಕುಟ್ಟಿದೆ. ಹಲಗೆ ಉದ್ದವಾಯಿತು. ಮ್ಯಾನೇಜರು ನನ್ನ ಬೆನ್ನ ಹಿಂದೆ ನಿಂತು ಪ್ರತಿ ಗೆರೆಯನ್ನೂ ಅಳೆಸಿದರು. ಹತ್ತೂವರೆಗೆ ಹೊಸ ಫ್ಲಾಪಿ ಹೋಯಿತು.

ಸ್ಟೋರ್ಸಿನ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆ ವಾರವಿಡೀ ಯಾರು ಬಾಗಿಲು ತೆರೆದರೂ ಅವರೇನೋ ಎಂದು ತಲೆಯೆತ್ತಿ ನೋಡುತ್ತಿದ್ದೆ. ಶುಕ್ರವಾರ ಸಂಜೆ ಅವರು ಬಂದು, ನಾಲ್ಕು ವಾರ ಮುಗಿದ ಮೇಲೆ ಮುಂದಿನ ಬ್ಯಾಚಿಗೂ ನೀವು ಹೋಗಬೇಕು, ಹೆಸರು ಕೊಟ್ಟಿದ್ದೇನೆ ಎಂದರು. ಆಗಲಿ ಎಂದೆ.

ಹೊಸ ಬ್ಯಾಚಿನ ಮೊದಲ ಶನಿವಾರ ನಾನು ಮಹಡಿ ಹತ್ತಿದಾಗ ನನ್ನ ಪಕ್ಕದ ಕಂಪ್ಯೂಟರಿನ ಮುಂದೆ ಮ್ಯಾನೇಜರು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಮೇಜಿನ ಮೇಲೆ ಹೊಸ ನೋಟುಬುಕ್ಕು. ಮೇಡಂ ಪಾಠ ಶುರು ಮಾಡಿ ಹತ್ತು ನಿಮಿಷಕ್ಕೆ "ಗೊತ್ತಾಯ್ತಾ?" ಎಂದು ಕೇಳಿದರು. ಎಲ್ಲರೂ ಹೂಂ ಎಂದರು. ಅವರೂ ಎಂದರು. ನಾನು ಅವರ ಪರದೆ ನೋಡಿದೆ, ಅದರ ಮೇಲೆ ಏನೂ ಇರಲಿಲ್ಲ.

"ಇಲ್ಲ ಮೇಡಂ" ಎಂದೆ ನಾನು. "ಇನ್ನೊಂದ್ಸಲ ಹೇಳಿ."