ದಿನವೂ ಹಾಜರಿದ್ದ ಹುಡುಗಿ

ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಚಿಕ್ಕಪ್ಪ ಈ ಕಥೆ ಶುರುಮಾಡುತ್ತಾರೆ. ಅವರ ಮಗಳನ್ನು ಹೈಸ್ಕೂಲಿನವರು ಸೇರಿಸಿಕೊಳ್ಳಲಿಲ್ಲವಂತೆ. ಕೋಲಾರದಲ್ಲಿ ಕಾನೂನು ಓದುತ್ತಿದ್ದ ನಾನು ಹೋಗಿ ಮಾತಾಡಿದೆನಂತೆ. "ಒಂದೇ ಒಂದು ಸೆಕ್ಷನ್ ಹೇಳಿದ್ಲು ನೋಡಿ, ಹೆಡ್‌ಮಾಸ್ಟ್ರು ಗಪ್‌ಚುಪ್!"

ಇದರಲ್ಲಿ ಮೂರು ತಪ್ಪುಗಳಿವೆ. ಶಾಲೆಯವರು ಅವಳನ್ನು ಸೇರಿಸಿಕೊಂಡಿದ್ದರು. ನಾನು ಹೇಳಿದ್ದು ಒಂದಲ್ಲ, ನಾಲ್ಕು ಸೆಕ್ಷನ್. ಮತ್ತು ಆ ದಿನ ಬಾಯಿ ಮುಚ್ಚಿಕೊಂಡು ಹೊರಗೆ ಬಂದವಳು ನಾನು.

ಚಿಕ್ಕಪ್ಪನ ಊರು ಮುಳಬಾಗಿಲು ತಾಲ್ಲೂಕಿನಲ್ಲಿ, ನಂಗಲಿ ಮುಟ್ಟುವ ಮೊದಲು ಹೆದ್ದಾರಿ ಬಿಟ್ಟು ಒಳಗೆ ಹೋದರೆ ಸಿಗುತ್ತದೆ. ಅವರ ಮಗಳಿಗೆ, ಅಂದರೆ ನನ್ನ ತಂಗಿಗೆ, ಹುಟ್ಟಿನಿಂದಲೇ ಕಾಲುಗಳಲ್ಲಿ ಶಕ್ತಿಯಿಲ್ಲ, ಕೈಗಳು ಬಿಗಿ. ಒಂದು ಸಾಲು ಬರೆಯಲು ಬೇರೆಯವರಿಗಿಂತ ಮೂರು ಪಟ್ಟು ಹೊತ್ತು ಬೇಕು. ನಾಲಿಗೆಗೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಕನ್ನಡದಲ್ಲಿ ಬೈದರೆ ತೆಲುಗಿನಲ್ಲಿ ತಿರುಗಿಸಿ ಬೈಯುತ್ತಾಳೆ. ಏಳನೆಯವರೆಗೆ ಊರಿನ ಶಾಲೆಗೆ ಚಿಕ್ಕಪ್ಪ ಎತ್ತಿಕೊಂಡೇ ಹೋಗಿ ಬಿಟ್ಟುಬರುತ್ತಿದ್ದರು. ಹೈಸ್ಕೂಲು ಪಕ್ಕದ ಊರಿನಲ್ಲಿತ್ತು, ತರಗತಿಗಳು ಮಹಡಿಯ ಮೇಲೆ.

ಆಗ ಬಿಆರ್‌ಸಿಯಿಂದ, ಅಂದರೆ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಿಂದ, ವಿಶೇಷ ಶಿಕ್ಷಕಿಯೊಬ್ಬರು ಸ್ಕೂಟರಿನಲ್ಲಿ ಬಂದರು. ಗೃಹಾಧಾರಿತ ಶಿಕ್ಷಣ ಎನ್ನುವುದೊಂದಿದೆ, ಹೆಸರು ಶಾಲೆಯಲ್ಲಿರುತ್ತದೆ, ವಾರಕ್ಕೊಮ್ಮೆ ನಾನೇ ಮನೆಗೆ ಬಂದು ಹೇಳಿಕೊಡುತ್ತೇನೆ ಎಂದರು. ಚಿಕ್ಕಮ್ಮ ಸಹಿ ಹಾಕಿದರು. ಯಾಕೆ ಹಾಕಿದಿರಿ ಎಂದು ನಾನು ಆಮೇಲೆ ಕೇಳಿದಾಗ ಅವರು ಕೊಟ್ಟ ಕಾರಣ ಒಂದೇ: "ಬಿಸಿಲಲ್ಲಿ ಅಷ್ಟು ದೂರ ಬಂದಿದ್ರು ಕಣೇ. ಬರೀ ಕೈಯಲ್ಲಿ ವಾಪಸ್ ಕಳ್ಸೋಕಾಗುತ್ತಾ?"

ಮನೆಗೆ ಬಂದವರಿಗೆ ಊಟ ಹಾಕುವ ಹಾಗೆಯೇ ಸಹಿಯನ್ನೂ ಹಾಕಿದ್ದರು. ಟೀಚರು ಮನೆಗೇ ಬಂದು ಪಾಠ ಹೇಳುತ್ತಾರೆಂದು ಬೀದಿಯಲ್ಲಿ ಸ್ವಲ್ಪ ಗೌರವವೂ ಹೆಚ್ಚಾಗಿತ್ತು. ಕಾನೂನು ಈ ವ್ಯವಸ್ಥೆಯನ್ನು ತೀವ್ರ ತೊಂದರೆಯಿರುವ ಮಕ್ಕಳಿಗೆ ಒಂದು ಆಯ್ಕೆಯಾಗಿ ಕೊಡುತ್ತದೆ. ಮೆಟ್ಟಿಲು ಹತ್ತಲಾಗದವರನ್ನು ಮನೆಯಲ್ಲಿ ಕೂರಿಸಲಿ ಎಂದಲ್ಲ. ಆದರೆ ಆಯ್ಕೆ ಎನ್ನುವ ಪದ ಆ ಮನೆಯೊಳಗೆ ಬಂದೇ ಇರಲಿಲ್ಲ.

ಎಂಟನೆಯ ತರಗತಿ ಹಾಗೆಯೇ ಮುಗಿಯಿತು. ಒಂಬತ್ತು ಶುರುವಾದಾಗ ತಂಗಿ ಫೋನಿನಲ್ಲಿ ಹೇಳಿದಳು: "ಅಕ್ಕಾ, ಇನ್ನೆರಡು ವರ್ಷ ಹಿಂಗೇ ಹೋದ್ರೆ ನಾನು ಸ್ಕೂಲು ನೋಡದೇ ಎಸ್ಸೆಸ್ಸೆಲ್ಸಿ ಬರೀತೀನಿ. ನಂಗೆ ಕ್ಲಾಸಲ್ಲಿ ಕೂತ್ಕೋಬೇಕು. ಅಷ್ಟೇ."

ಅಷ್ಟೇ ಎಂದದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ ಎಂದು ಈಗ ಅನಿಸುತ್ತದೆ. ಕಾಲೇಜಿನ ಚರ್ಚಾ ಸ್ಪರ್ಧೆಗೆ ತಯಾರಾಗುವ ಹಾಗೆ ತಯಾರಾದೆ. ಅಂಗವಿಕಲರ ಹಕ್ಕುಗಳ ಕಾಯ್ದೆ, ಶಿಕ್ಷಣ ಹಕ್ಕು ಕಾಯ್ದೆ, ಎದುರಿನವರು ಎತ್ತಬಹುದಾದ ಆಕ್ಷೇಪಗಳು, ಅವಕ್ಕೆ ಉತ್ತರ. ಶಾಲೆಯ ಎಸ್‌ಡಿಎಂಸಿ ಸಭೆಗೆ ಚಿಕ್ಕಪ್ಪನ ಜೊತೆ ಹೋದೆ. ಪೋಷಕರ ಸಮಿತಿ ಅದು. ಏಳೆಂಟು ಜನ, ಪ್ಲಾಸ್ಟಿಕ್ ಕುರ್ಚಿ, ಒಂದು ತಟ್ಟೆ ಬೋಂಡ. ಹತ್ತು ನಿಮಿಷ ಮಾತಾಡಿದೆ. ಒಂದು ಮಗುವನ್ನು ನಾಲ್ಕು ಗೋಡೆಗಳ ನಡುವೆ ಇಟ್ಟು ಶಾಲೆಯಿಂದ ಹೊರಹಾಕಿದ್ದೀರಿ ಎಂದು ಮುಗಿಸಿದೆ.

ಹೆಡ್‌ಮಾಸ್ಟರು ಸಿಟ್ಟಾಗಲಿಲ್ಲ. ಹಾಜರಿ ಪುಸ್ತಕ ತರಿಸಿ ನನ್ನ ಮುಂದೆ ತೆರೆದಿಟ್ಟರು.

"ಹೊರಗೆ ಹಾಕಿದ್ದೀವಾ? ನೋಡಮ್ಮಾ ತಾಯಿ. ಜೂನಿಂದ ಒಂದು ದಿನಾನೂ ತಪ್ಪಿಲ್ಲ. ಇವತ್ತೂ ಹಾಜರು."

ತಂಗಿಯ ಹೆಸರಿನ ಮುಂದೆ ಸಾಲಾಗಿ ಗುರುತುಗಳಿದ್ದವು. ಒಂದೂ ಗೈರು ಇಲ್ಲ. ಅವಳು ಆ ಹೊತ್ತಿಗೆ ಮನೆಯ ಜಗುಲಿಯ ಮೇಲೆ ಕೂತು ರೇಷ್ಮೆ ಹುಳಕ್ಕೆ ಹಾಕುವ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳು.

ಸಮಿತಿಯ ಸದಸ್ಯರೊಬ್ಬರು ನಕ್ಕರು. "ನಮ್ಮ ಮಗನಿಗಿಂತ ಈ ಹುಡುಗೀನೇ ವಾಸಿ ಬಿಡಿ ಸಾರ್. ಅವನು ಬಂದ್ರೂ ಗೈರುಹಾಜರೇ."

ಎಲ್ಲರೂ ನಕ್ಕರು. ಚಿಕ್ಕಪ್ಪನೂ ನಕ್ಕರು. ಹೊರಗಿಟ್ಟಿದ್ದಾರೆ ಎನ್ನುವುದೇ ನನ್ನ ವಾದದ ಬುಡ. ಪುಸ್ತಕ ಒಳಗಿದ್ದಾಳೆ ಎನ್ನುತ್ತಿತ್ತು. ತಂದಿದ್ದ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದೆ.

ಗೇಟಿನ ಹತ್ತಿರ ಕ್ಲಾಸ್ ಟೀಚರು ಹಿಂದೆಯೇ ಬಂದರು. ಐವತ್ತರ ಆಸುಪಾಸಿನ ಮೆದು ಮಾತಿನ ಹೆಂಗಸು. "ಬೇಜಾರು ಮಾಡ್ಕೋಬೇಡಮ್ಮಾ. ಹಾಜರಿ ಹಾಕೋಳು ನಾನೇ. ಗೈರು ಅಂತ ಬರೆದ್ರೆ ಶಾಲೆ ಬಿಟ್ಟ ಮಗು ಅಂತ ತೋರಿಸುತ್ತೆ. ಹೆಸರು ಹೋಗುತ್ತೆ, ಬರೋ ಸವಲತ್ತೂ ಹೋಗುತ್ತೆ. ನಮ್ಮ ಕೈಲಾಗೋದು ಇಷ್ಟಾದ್ರೂ ಇರ್ಲಿ ಅಂತ." ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮಟ್ಟಿಗೆ ಅದು ಉಪಕಾರವೇ ಆಗಿತ್ತು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ತಂಗಿ ಪೂರ್ತಿ ಕೇಳಿಸಿಕೊಂಡು, "ಅಂದ್ರೆ ನಾನು ದಿನಾ ಸ್ಕೂಲಿಗೆ ಹೋಗ್ತಿದ್ದೀನಿ. ನಂಗೇ ಯಾರೂ ಹೇಳಿಲ್ಲ ನೋಡು," ಅಂದಳು.

ನಾನು ಅಂದೇ ಕೂತು ಅಂಗವಿಕಲರ ಆಯುಕ್ತರಿಗೆ ಮೂರು ಪುಟದ ದೂರು ಬರೆದೆ. ಆ ವಾರ ಪಾಠಕ್ಕೆ ಬಂದ ವಿಶೇಷ ಶಿಕ್ಷಕಿ ಅದನ್ನು ನಿಂತುಕೊಂಡೇ ಓದಿದರು.

"ಚೆನ್ನಾಗಿದೆ. ಇದನ್ನ ಕಳ್ಸಿದ್ರೆ ಮೊದ್ಲು ನೋಟಿಸ್ ಹೋಗೋದು ಆ ಕ್ಲಾಸ್ ಟೀಚರಿಗೆ. ಇವಳಿಗೆ ಕ್ಲಾಸು ಸಿಗೋಷ್ಟರಲ್ಲಿ ಹತ್ತನೇದು ಮುಗಿದಿರುತ್ತೆ. ಇಟ್ಕೊಂಡಿರು, ಬೇಕಾಗ್ಬೋದು." ಆಮೇಲೆ ಚಿಕ್ಕಮ್ಮನ ಕಡೆ ತಿರುಗಿದರು. "ಅಕ್ಕಾ, ನೀವು ಜಾಗ ಕೊಡಿ ಅಂತ ಕೇಳ್ಬೇಡಿ. ಪುಸ್ತಕದಲ್ಲಿ ಜಾಗ ಕೊಟ್ಟಾಗಿದೆ. ಎಲ್ಲಿದೆ ತೋರಿಸಿ ಅಂತ ಕೇಳಿ."

ಅರ್ಜಿ ನಾನೇ ಬರೆದೆ, ಒಂದೇ ಪುಟ. ಒಂಬತ್ತನೇ ತರಗತಿ ಕೆಳಗಿನ ಕೋಣೆಯಲ್ಲಿ ನಡೆಯಲಿ, ಬಿಆರ್‌ಸಿಯಿಂದ ಸಿಕ್ಕಿರುವ ಗಾಲಿಕುರ್ಚಿ ಒಳಹೋಗುವಷ್ಟು ಎತ್ತರದ ಮೇಜು ಸಿಗಲಿ, ಕಿರುಪರೀಕ್ಷೆಗಳಲ್ಲಿ ಹೆಚ್ಚು ಸಮಯ ಕೊಡಲಿ. ವಿಶೇಷ ಶಿಕ್ಷಕಿ ಒಂದೂ ಸೆಕ್ಷನ್ ಹಾಕಲು ಬಿಡಲಿಲ್ಲ. ನಕಲಿನ ಮೇಲೆ ಶಾಲೆಯ ಸೀಲು, ತಾರೀಖು ಹಾಕಿಸಿಕೊಳ್ಳದೆ ಎದ್ದು ಬರಬೇಡಿ ಎಂದಷ್ಟೇ ಚಿಕ್ಕಮ್ಮನಿಗೆ ಹೇಳಿದರು.

ಸೋಮವಾರ ನಾನು ಕೋಲಾರದಲ್ಲಿ ತರಗತಿಯಲ್ಲಿದ್ದೆ. ಹಾಗಾಗಿ ಮುಂದಿನದನ್ನು ಚಿಕ್ಕಮ್ಮನೂ ತಂಗಿಯೂ ಬೇರೆಬೇರೆಯಾಗಿ ಹೇಳಿದ್ದರಲ್ಲಿ ತಾಳೆಯಾದಷ್ಟನ್ನು ಮಾತ್ರ ಬರೆಯುತ್ತಿದ್ದೇನೆ. ಟೊಮೆಟೊ ಸಾಗಿಸುವ ಲಗೇಜ್ ಆಟೊದಲ್ಲಿ ಗಾಲಿಕುರ್ಚಿ ಸಮೇತ ತಂಗಿಯನ್ನು ಏರಿಸಿ, ಹಗ್ಗ ಬಿಗಿದು, ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಮುಂದೆ ಇಳಿಸಿದರು. ಮಕ್ಕಳ ಸಾಲು ಮುರಿದು ಎಲ್ಲರೂ ಇತ್ತ ತಿರುಗಿದರು. ಹೆಡ್‌ಮಾಸ್ಟರು, "ಏಮಮ್ಮಾ, ಏನ್ ಸಮಾಚಾರ?" ಎಂದರು.

"ನಮ್ಮ ಹುಡುಗಿ ದಿನಾ ಬರ್ತಾಳಂತಲ್ಲ ಸಾರ್," ಎಂದರು ಚಿಕ್ಕಮ್ಮ. "ಎಲ್ಲಿ ಕೂತ್ಕೋತಾಳೆ ಅಂತ ಸ್ವಲ್ಪ ತೋರ್ಸಿ. ಇವತ್ತು ನಾನೇ ಬಿಟ್ಟೋಗೋಣ ಅಂತ ಬಂದೆ."

ವ್ಯಂಗ್ಯವಾಗಿ ಹೇಳಿದರೋ ಸಹಜವಾಗಿ ಹೇಳಿದರೋ ಎನ್ನುವುದರಲ್ಲಿ ಇಬ್ಬರ ಹೇಳಿಕೆಗಳು ತಾಳೆಯಾಗುವುದಿಲ್ಲ. ಹೆಡ್‌ಮಾಸ್ಟರು ಮಹಡಿಯ ಕಡೆ ನೋಡಿದರು, ಅರ್ಜಿ ಓದಿದರು, ಸೀಲು ಹಾಕಿದರು. ಕೆಳಗಿನ ಕಂಪ್ಯೂಟರ್ ಕೋಣೆ ಖಾಲಿ ಮಾಡಿಸಲು ಹತ್ತು ದಿನ ಬೇಕು ಎಂದರು. ಚಿಕ್ಕಮ್ಮ ಮಂಗಳವಾರವೂ ಬಂದರು, ಬುಧವಾರವೂ ಬಂದರು, ಎರಡೂ ದಿನ ಮಗಳ ಜೊತೆ ಶಾಲೆಯ ಜಗುಲಿಯಲ್ಲೇ ಕೂತರು. ಗುರುವಾರ ಒಂಬತ್ತನೇ ತರಗತಿ ಕೆಳಗಿಳಿಯಿತು.

ಹಾಗಾದರೆ ಗೆದ್ದದ್ದು ಕಾನೂನಲ್ಲ, ಚಿಕ್ಕಮ್ಮ ಎಂದು ನಾನು ಹೇಳಬಹುದು. ಕೇಳುವವರಿಗೂ ಅದು ಇಷ್ಟವಾಗುತ್ತದೆ. ಅದೂ ಪೂರ್ತಿ ನಿಜವಲ್ಲ. ತಾರೀಖು ಬಿದ್ದ ಆ ಹಾಳೆ ಮುಂದೆ ಎಲ್ಲಿಗೆ ಹೋಗಬಲ್ಲದು ಎನ್ನುವುದು ಹೆಡ್‌ಮಾಸ್ಟರಿಗೆ ಗೊತ್ತಿತ್ತು. ನನ್ನ ಹತ್ತು ನಿಮಿಷದ ಭಾಷಣದಿಂದಲೇ ಗೊತ್ತಾಗಿರಬಹುದು ಎಂದು ವಿಶೇಷ ಶಿಕ್ಷಕಿ ನನ್ನನ್ನು ಸಮಾಧಾನಪಡಿಸಲು ಹೇಳಿದರು. ಪುರಾವೆ ಇಲ್ಲ, ಹಾಗಾಗಿ ಆ ಅಂಕ ನಾನು ತೆಗೆದುಕೊಳ್ಳುವುದಿಲ್ಲ.

ತಂಗಿ ಈಗ ತರಗತಿಯಲ್ಲಿ ಕೂರುತ್ತಾಳೆ. ಆಟೊ ಬರದ ದಿನ ಗೈರು ಬೀಳುತ್ತದೆ. ಅದನ್ನು ಅವಳು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾಳೆ. ಕಳೆದ ಸಲ ಹೋದಾಗ ಹುರಿಗಡಲೆ ತಿನ್ನುತ್ತ ಇನ್ನೊಂದು ವಿಷಯ ಹೇಳಿದಳು.

"ಹಾಜರಿ ಕೂಗುವಾಗ ನನ್ನ ನಂಬರಾದ್ಮೇಲೆ ಮಿಸ್ಸು ಒಂದು ನಂಬರ್ ಕೂಗೋದೇ ಇಲ್ಲ ಅಕ್ಕಾ. ಪೆನ್ನು ಮಾತ್ರ ಆಡುತ್ತೆ. ಆಮೇಲೆ ಮುಂದಿನದಕ್ಕೆ ಹೋಗ್ತಾರೆ."

"ಯಾರದು ಆ ನಂಬರು?"

"ನಾನೂ ಎಲ್ಲರನ್ನೂ ಕೇಳ್ದೆ. ಯಾರೂ ನೋಡಿಲ್ಲ."

ಮಾರನೆಯ ದಿನ ಮುಳಬಾಗಿಲು ಬಸ್ ನಿಲ್ದಾಣದಲ್ಲಿ ಆ ಕ್ಲಾಸ್ ಟೀಚರು ಸಿಕ್ಕರು. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಉತ್ತರಪತ್ರಿಕೆಗಳ ಕಟ್ಟು. ನಿಮ್ಮ ತಂಗಿ ಬಹಳ ಚುರುಕು, ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡ್ತಾಳೆ ಎಂದು ಮನಸಾರೆ ಹೊಗಳಿದರು. ನಾನೂ ನಕ್ಕೆ. ಅವರ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವರನ್ನು ಕೇಳಿದೆ:

"ಮಿಸ್, ಅವಳ ಮುಂದಿನ ನಂಬರಿನ ಮಗು ಯಾವ ಊರಿನದು?"